ಸ್ವರ್ಣೆಯ ಅಳಿವೆಯವರೆಗೆ ಜಿಪಿಎಸ್ ಹಿಡಿದು

ಮಣಿಪಾಲದಿಂದ ಇಳಿದು ಸ್ವರ್ಣಾ ನದಿಯ ದಡ ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ದೋಣಿ ತಂದ ಟೆಂಪೋಗೆ ನೂರೈವತ್ತು ರೂಪಾಯಿ ಬಾಡಿಗೆ. ದೋಣಿ ಇಬ್ರಾಹಿಂ ಅವರದು; ಫೈಬರಿನದು, ಇಬ್ಬರೇ ಕೂರಬಹುದು. ಕಾಪುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವರು ದುಬಾಯಿಯಿಂದ ಮರಳುವಾಗ ಅಂಗೈಯಗಲದ ಜಿಪಿಎಸ್ ಯಂತ್ರವೊಂದನ್ನು ತಂದಿದ್ದರು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ನನ್ನ ಬಳಿ ಹಳೆಯ ಸರ್ವೆ ನಕ್ಷೆಯ ಪ್ರತಿ ಇತ್ತು. ಮೊಬೈಲಿನಲ್ಲಿ ನಕ್ಷೆ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಕೋಡಿಬೆಂಗ್ರೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯವರೆಗೆ ಎರಡು ದಿನದ ಪ್ರಯಾಣ.

ಯಂತ್ರದಲ್ಲಿ ನಕ್ಷೆ ಇರಲಿಲ್ಲ. ಅಕ್ಷಾಂಶ, ರೇಖಾಂಶ, ವೇಗ, ಸಾಗುವ ದಿಕ್ಕು, ಇಷ್ಟೇ. ಕಲ್ಯಾಣಪುರದ ಸೇತುವೆಯ ಕೆಳಗೆ ಅದರ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ನಾವು ದಡದ ಗದ್ದೆಯೊಂದರಲ್ಲಿದ್ದೆವು.

"ನಿಮ್ಮ ಕಾಗದ ಮುದುಕ ಆಗಿದೆ ಮಾಷ್ಟ್ರೇ," ಎಂದರು ಇಬ್ರಾಹಿಂ.

ನಕ್ಷೆಯೂ ಯಂತ್ರವೂ ಅಕ್ಷಾಂಶ, ರೇಖಾಂಶ ಎಣಿಸುವ ಮೂಲ ಬೇರೆಬೇರೆ ಎಂದು ವಿವರಿಸಿದೆ. ನಕ್ಷೆಯ ಮೇಲೆ ವ್ಯತ್ಯಾಸ ಅಕ್ಕಿಕಾಳಿನಷ್ಟು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಮುಂದೆ ಪ್ರತಿ ಸಲವೂ ಅಷ್ಟು ಸರಿಸಿಕೊಂಡೆ. ಬಿಸಿಲು ಚುರುಕಾಗಿತ್ತು. ಸಂಜೆ ಕೆಮ್ಮಣ್ಣು ಊರಿನಲ್ಲಿ ಇಬ್ರಾಹಿಂ ಅವರ ತಂಗಿಯ ಮನೆ ಸೇರಿ, ಅಕ್ಕಿಯ ಪತ್ತಿರ್ ರೊಟ್ಟಿ, ಕೋಳಿ ಸಾರು ಉಂಡು ಮಲಗಿದೆವು.

ಮರುದಿನ ಏಳಕ್ಕೆ ಹೊರಟಾಗ ದಟ್ಟ ಮಂಜು. "ನಿಂತು ಹೋಗಿ," ಎಂದರು ತಂಗಿ. ನಾವು ಕೇಳಲಿಲ್ಲ. ಯಂತ್ರ ಉಂಟಲ್ಲ ಎಂಬ ಧೈರ್ಯ. ಒಂದು ಗಂಟೆಯಲ್ಲಿ ಎರಡೂ ದಡ ಕಾಣದಾದವು. ದಣಿವಾರಿಸಲು ಹುಟ್ಟು ಮೇಲೆತ್ತಿ ಕುಳಿತೆವು. ನೀರು ಅಲುಗಾಡದಂತೆ ಕಾಣುತ್ತಿತ್ತು.

"ಮಾಷ್ಟ್ರೇ, ನಾವು ಕೂತಿದ್ದೇವೆ ಅಲ್ವಾ? ಇದು ಆರು ಕಿಲೋಮೀಟರ್ ವೇಗ ಅಂತ ಹೇಳ್ತದೆ."

ದಿಕ್ಕು ಕೇಳಿದೆ. ಉತ್ತರಕ್ಕಿದ್ದದ್ದು ವಾಯವ್ಯಕ್ಕೆ ತಿರುಗಿತ್ತು. ಅಂಕಿಗಳನ್ನು ನಕ್ಷೆಗೆ ಇಳಿಸಿದೆ. ಕಡಲಿನ ಇಳಿತದ ಸೆಳೆತ ನಮ್ಮನ್ನು ಅಳಿವೆಯ ಹೊರಕ್ಕೆ ಒಯ್ಯುತ್ತಿತ್ತು. ಮುಂದೆ ಅಲೆ ಒಡೆಯುವ ಸದ್ದು ಕೇಳತೊಡಗಿತು. ಇಬ್ರಾಹಿಂ ಅವರಿಗೆ ಈಜು ಬರುತ್ತಿರಲಿಲ್ಲ. ಇಬ್ಬರ ಬಳಿಯೂ ತೇಲುವ ಜಾಕೆಟ್ ಇರಲಿಲ್ಲ.

"ಎಡಕ್ಕೆ, ಪೂರ್ತಿ ಎಡಕ್ಕೆ," ಎಂದೆ. ನಕ್ಷೆಯ ಪ್ರಕಾರ ಬೆಂಗ್ರೆಯ ಮರಳುಪಟ್ಟಿಯ ತುದಿ ಅಲ್ಲಿರಬೇಕಿತ್ತು. ತೋಳು ಸೋಲುವವರೆಗೆ ಹುಟ್ಟು ಹಾಕಿದೆವು. ಯಂತ್ರದ ಅಂಕಿಗಳ ಪ್ರಕಾರ ತುದಿ ಮುಟ್ಟಿಯಾಗಿತ್ತು. ಕೆಳಗೆ ನೀರೇ ಇತ್ತು. ಮರಳು ಎಂದೋ ಸರಿದುಹೋಗಿತ್ತು.

ಆಗ ಹತ್ತಿರದಲ್ಲೇ ಪಾತ್ರೆಯೊಳಗೆ ಚಿಪ್ಪು ಬೀಳುವ ಸದ್ದಾಯಿತು. ಇಬ್ರಾಹಿಂ ಕೂಗಿದರು. ಮಂಜಿನೊಳಗಿಂದ ಹೆಂಗಸಿನ ದನಿ ಬಂತು: "ಈಚೆ ಬನ್ನಿ, ದನಿ ಕೇಳಿಕೊಂಡು ಬನ್ನಿ. ಇಲ್ಲಿ ಸೊಂಟದಷ್ಟೇ ನೀರು ಉಂಟು."

ಅವರು ಮಾತು ನಿಲ್ಲಿಸಲಿಲ್ಲ. ಆ ದನಿಯತ್ತ ದೋಣಿ ಒಯ್ದು ನೀರಿಗಿಳಿದಾಗ ಕಾಲಿಗೆ ಮರಳು ತಾಗಿತು. ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಆಕೆ, ಹೆಸರು ಗಿರಿಜಕ್ಕ ಎಂದು ಆಮೇಲೆ ತಿಳಿಯಿತು, ನಮ್ಮಿಬ್ಬರನ್ನೂ ನೋಡಿದರು.

"ಮಂಜಿನಲ್ಲಿ ಎಂತಕ್ಕೆ ಬಂದದ್ದು ನೀವು?"

ಮಂಜು ಸರಿದಾಗ ಇನ್ನೂರು ಹೆಜ್ಜೆಯಾಚೆ ಬಿಳಿ ಅಲೆಗಳು ಸಾಲಾಗಿ ಒಡೆಯುತ್ತಿದ್ದವು. ಇಬ್ರಾಹಿಂ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ನಾನು ನಕ್ಷೆ ಬಿಡಿಸಿ ನಾವು ನಿಂತಿದ್ದ ಮರಳು ದಿಬ್ಬವನ್ನು ಗುರುತಿಸಿ, ಇದರ ಹೆಸರೇನೆಂದು ಗಿರಿಜಕ್ಕನನ್ನು ಕೇಳಿದೆ.

"ಇದಕ್ಕೆಂತ ಹೆಸರು? ಮಳೆಗಾಲ ಕಳೆದರೆ ಇದು ಇಲ್ಲಿರುವುದಿಲ್ಲ."

ಮಧ್ಯಾಹ್ನ ಬೆಂಗ್ರೆಯಲ್ಲಿ ದೋಣಿಯನ್ನು ಟೆಂಪೋಗೆ ಹೇರಿ ಹೊರಡುವಾಗ ತಿರುಗಿ ನೋಡಿದೆ. ಭರತ ಏರಿ ನೀರು ತುಂಬಿತ್ತು. ನಾವು ನಿಂತಿದ್ದ ಜಾಗದ ಮೇಲೆ ಮೀನಿನ ದೋಣಿಯೊಂದು ನಿರಾಯಾಸವಾಗಿ ಸಾಗಿಹೋಯಿತು.