ಆಲೆಯೋ ಹುಣಸೆಯೋ

ನಮ್ಮ ಹೊಸ ಮನೆ ಮುಂದೆ ಇದ್ದದ್ದು ಒಂದೇ ಗುಂಡಿ. ಅತ್ತೆ ಸೊಸೆ ಜಗಳಕ್ಕೆ ಅಷ್ಟು ಸಾಕಲ್ಲವಾ? ಒಂದು ಕಡೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ತೋಟ, ಇನ್ನೊಂದು ಕಡೆ ಬೋರ್‌ವೆಲ್ ಪೈಪು, ಮಿಕ್ಕಿದ್ದೆಲ್ಲ ಬಂಡೆ. ರಾಮನಗರದ ಸುತ್ತ ಮನೆ ಕಟ್ಟಿಸಿದವರನ್ನು ಕೇಳಿ, ಇಲ್ಲಿ ಒಂದು ಬುಟ್ಟಿ ಮಣ್ಣು ಸಿಗಬೇಕಾದರೆ ಬಂಡೆಗೆ ದಮ್ಮಯ್ಯ ಅನ್ನಬೇಕು. ಜೆಸಿಬಿಯವನು ತಡಕಾಡಿ ತಡಕಾಡಿ ಒಂದು ಮರ ನೆಡುವಷ್ಟು ಗುಂಡಿ ತೋಡಿಕೊಟ್ಟ. ನಮ್ಮೆಜಮಾನರು ಒಂದೇ ಒಂದು ಕರಾರು ಹಾಕಿದರು.

"ಏನಾರ ನೆಡಿ, ನೀರು ಮಾತ್ರ ಕೇಳ್ಬಾರ್ದು. ಇರೋ ನೀರು ಹುಳದ ಸೊಪ್ಪಿಗೇ ಸಾಲ್ದು."

ನೀರು ಕೇಳದ ಮರ ಅಂದರೆ ಬೆಳೆಯುವುದೂ ನಿಧಾನವೇ. ಅತ್ತೆ ಒಂದು ಚಣವೂ ಯೋಚಿಸದೆ "ಹುಣಸೆ" ಅಂದರು. ಅವರ ಬಾಯಿ ಮುಚ್ಚುವ ಮೊದಲೇ ನಾನು "ಆಲೆ" ಅಂದೆ.

ಆಲೆ ಅಂದರೆ ಚನ್ನಪಟ್ಟಣದ ಬೊಂಬೆ ಮಾಡುವ ಮರ. ಮದುವೆಯಾಗಿ ಬಂದ ಮೇಲೆ ನಾನು ಕಲಿತ ಕೆಲಸ ಅದೇ. ಬೆಳಗ್ಗೆ ಬಸ್ಸು ಹಿಡಿದು ಹೋಗಿ ಕಡೆಯುವ ಮಿಷನ್ ಮುಂದೆ ಕೂತರೆ ಸಂಜೆವರೆಗೂ ಆಲೆ ಜೊತೆಗೇ ಸಂಸಾರ. ಉಳಿ ತಾಗಿಸಿದರೆ ಸುರುಳಿ ಸುರುಳಿಯಾಗಿ ಏಳುತ್ತದೆ, ಅರಗಿನ ಬಣ್ಣ ಹಿಡಿದರೆ ಮಿರಮಿರ ಮಿಂಚುತ್ತದೆ. ಅದರ ಹೊಟ್ಟು ನನ್ನ ಜಡೆಯಲ್ಲೂ ಇರುತ್ತದೆ, ಊಟದ ಡಬ್ಬಿಯಲ್ಲೂ ಇರುತ್ತದೆ. ಆದರೆ ಎದ್ದು ನಿಂತ ಆಲೆ ಮರವನ್ನು ನಾನು ಒಂದು ಸಲವೂ ನೋಡಿರಲಿಲ್ಲ. ನಮ್ಮ ಕೈಗೆ ಬರುವುದು ತೊಗಟೆ ಸುಲಿದು ಒಣಗಿಸಿದ ತುಂಡು ಅಷ್ಟೇ. ಅದು ಬಿಳೀ ಹೂವು ಬಿಡುತ್ತದೆ, ಘಮಘಮ ಅನ್ನುತ್ತದೆ ಅಂತ ಜೊತೆ ಕೆಲಸದವಳು ಹೇಳಿದ ದಿನದಿಂದ ನನ್ನ ತಲೆಗೆ ಹುಳ ಹೊಕ್ಕಿತ್ತು.

ಇನ್ನೊಂದು ವಿಷಯವೂ ಇತ್ತು. ಈ ಮನೆಯ ಬಾಗಿಲು ಯಾವ ದಿಕ್ಕಿಗೆ, ಒಲೆ ಎಲ್ಲಿ, ಗೋಡೆಗೆ ಯಾವ ಬಣ್ಣ, ಎಲ್ಲವನ್ನೂ ಗಂಡಸರೇ ಜಗಲಿ ಮೇಲೆ ಕೂತು ತೀರ್ಮಾನ ಮಾಡಿದ್ದರು. ನನ್ನನ್ನು ಕೇಳಿದ್ದು ಗಾರೆಯವರಿಗೆ ಟೀ ಆಯ್ತಾ ಅಂತ. ಮನೆ ಒಳಗೆ ನನ್ನ ಮಾತು ನಡೆಯದಿದ್ದರೆ ಹೋಗಲಿ, ಬಾಗಿಲಾಚೆ ಒಂದು ಗುಂಡಿಯಾದರೂ ನನ್ನದಾಗಲಿ ಅಂತ ನನಗೆ ಹಟ ಬಂದುಬಿಟ್ಟಿತ್ತು.

ಆಮೇಲೆ ಶುರುವಾಯಿತು ನೋಡಿ. ರಾಗಿ ಕೇರುವಾಗ, ಹುಳಕ್ಕೆ ಸೊಪ್ಪು ಹಾಕುವಾಗ, ಮುದ್ದೆ ಮುರಿಯುವಾಗ, ಅದೇ ಮಾತು.

"ಹುಣಸೆ ತಲೆತಲಾಂತ್ರ ನಿಂತ್ಕಳೋ ಮರ ಕಣಮ್ಮಿ. ನೆಳ್ಳು ಕೊಡ್ತದೆ, ಹಣ್ಣು ಕೊಡ್ತದೆ, ಚಿಗುರು ಸಾರಿಗಾಯ್ತದೆ. ನಿನ್ ಆಲೆ ಹೂವ ಏನು ಸಾರಿಗೆ ಹಾಕ್ತೀಯಾ?"

"ಹುಣಸೆ ನೆಳ್ಳು ದಟ್ಟ ಅತ್ತೆಮ್ಮ. ತ್ವಾಟದ ಮೇಲೆ ಬಿದ್ರೆ ಸೊಪ್ಪು ಏಳಾಕಿಲ್ಲ. ಆಲೆ ಆದ್ರೆ ಒಸಿ ಜಾಗದಲ್ಲಿ ನಿಂತ್ಕತದೆ. ಚಳಿಗಾಲ ಮುಗಿಯೋ ಹೊತ್ಗೆ ಎಲೆ ಉದುರಿಸ್ತದೆ, ಅಂಗ್ಳಕ್ಕೆ ಬಿಸ್ಲು ಬೀಳ್ತದೆ."

"ಅಂಗ್ಳಕ್ಕೆ ಬಿಸ್ಲೇ ಬೇಕು ಅಂದ್ರೆ ಮರ ಯಾಕ್ ನೆಡ್ಬೇಕಮ್ಮಿ?"

ನಾನು ಸಿಟ್ಟಿಗೆ ಸಾರಿನ ಸೌಟು ಕುಕ್ಕಿದೆ. ಎಜಮಾನರು ಊಟದ ತಟ್ಟೆ ಮುಂದೆ ಕೂತು "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತ ನಕ್ಕರು. ಅವತ್ತು ಅತ್ತೆ ಸೊಸೆ ಇಬ್ಬರೂ ಒಂದಾಗಿ ಅವರನ್ನು ಬೈದೆವು.

ಕೊನೆಗೆ ಅತ್ತೆಯೇ ಒಂದು ದಾರಿ ಹೇಳಿದರು. ಅವರು ಆಗಲೇ ಹಳೇ ಎಣ್ಣೆ ಡಬ್ಬದಲ್ಲಿ ಬೀಜ ಹಾಕಿ ಗೇಣುದ್ದದ ಹುಣಸೆ ಸಸಿ ಎಬ್ಬಿಸಿಕೊಂಡಿದ್ದರು. "ಶಿವರಾತ್ರಿ ಒಳ್ಗೆ ನಿನ್ ಆಲೆ ತಂದ್ರೆ ಗುಂಡಿ ನಿಂದು. ತರ್ನಿಲ್ವಾ, ನನ್ ಹುಣಸೆ ಇಳಿಸ್ತೀನಿ" ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ.

ರಾಮನಗರದ ನರ್ಸರಿಗಳಲ್ಲಿ ಆಲೆ ಅಂದರೆ ಮುಖ ಮುಖ ನೋಡಿದರು. ಕನಕಪುರದಲ್ಲಿ ಮಾವು ತಗೊಳಿ, ತೆಂಗು ತಗೊಳಿ ಅಂದರು. ಶಿವರಾತ್ರಿ ಹತ್ತಿರ ಬಂತು. ಕೊನೆಗೆ ಮಾಗಡಿ ರಸ್ತೆಯಲ್ಲಿ ಒಬ್ಬ ನರ್ಸರಿಯವನು "ಐತೆ ಬನ್ನಿ" ಅಂದಾಗ ನನಗೆ ಕುಣಿಯುವ ಹಾಗಾಯಿತು. ಎಲೆ ಉದುರುವ ಕಾಲ, ಸಾಲು ಸಾಲಾಗಿ ಬರೀ ಬೋಳು ಕಡ್ಡಿಗಳು. ಅವನು ಒಂದನ್ನು ಎತ್ತಿ ಕೊಟ್ಟ. ನಾನು ಉಗುರಲ್ಲಿ ಗೀರಿದೆ. ಬೆಳ್ಳಗೆ ಹಾಲು ಜಿನುಗಿತು.

"ಇದು ಆಲೆ ಅಲ್ಲ ಕಣಪ್ಪ" ಅಂದೆ.

"ಆಲೆನೇ ಕಣಕ್ಕ."

"ಆಲೇಲಿ ಹಾಲೆಲ್ಲಿ ಐತೆ? ಅಂಟು ಇರೋ ಮರಕ್ಕೆ ಅರಗು ಹಿಡಿತದಾ? ದಿನಾ ಆಲೆ ಕಡೆಯೋಳು ನಾನು. ನಂಗೇ ಹೇಳ್ಕೊಡ್ತೀಯಾ?"

ಅವನು "ಹಸೀ ಗಿಡ ಅಲ್ವೇನಕ್ಕ" ಅಂತ ಏನೋ ಹೇಳಲು ಹೋದ. ನಾನು ಬಿಟ್ಟರೆ ತಾನೆ. ಪಕ್ಕದ ಸಾಲಿನ ಕಡ್ಡಿ ಗೀರಿ ನೋಡಿದೆ. ಹಾಲಿಲ್ಲ, ಒಳಗೆ ಬೆಳ್ಳಗೆ, ನಮ್ಮ ಮಿಷನ್‌ಗೆ ಬರುವ ತುಂಡಿನ ಹಾಗೇ ಇತ್ತು. "ಇದೇ ನಮ್ಮ ಆಲೆ, ಕೊಡು" ಅಂದೆ. ಅವನು ನಿಮ್ಮಿಷ್ಟ ಅಂತ ಕೊಟ್ಟ. ಎರಡು ಬಸ್ಸು ಬದಲಾಯಿಸಿ, ಹಸುಗೂಸಿನ ಥರ ಮಡಿಲಲ್ಲಿ ಇಟ್ಟುಕೊಂಡು ಮನೆಗೆ ತಂದೆ.

ಶಿವರಾತ್ರಿಗೆ ಮುಂಚೆಯೇ ನೆಟ್ಟೆ. ಹುಳದ ಮನೆಯ ಗೊಬ್ಬರ ಹಾಕಿದೆ, ಕುರಿ ಬಾಯಿ ಹಾಕದ ಹಾಗೆ ಜಾಲಿ ಮುಳ್ಳು ಸುತ್ತಿದೆ. ಅತ್ತೆ ತಮ್ಮ ಹುಣಸೆ ಡಬ್ಬವನ್ನು ಹಿತ್ತಲಿಗೆ ಒಯ್ದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಕೆಲಸದ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ, ನಮ್ಮನೆ ಮುಂದೆ ಆಲೆ ಐತೆ ಅಂತ. ಬೆಳಗ್ಗೆ ಎದ್ದರೆ ಮೊದಲು ಅದರ ಮುಖ ನೋಡುವುದು, ಆಮೇಲೆ ಒಲೆ ಹಚ್ಚುವುದು.

ಯುಗಾದಿ ಕಳೆದು ಒಂದು ಮಳೆ ಬಿತ್ತು. ಕಡ್ಡಿ ಚಿಗುರಿತು. ಅತ್ತೆ ಅಂಗಳದಿಂದ "ಅಮ್ಮಿ, ಒಸಿ ಬಾ ಇಲ್ಲಿ" ಅಂತ ಕರೆದರು. ತೌರಿನಲ್ಲಿ ಕುರಿ ಹಿಂದೆ ಗುಡ್ಡ ಸುತ್ತಿ ಬೆಳೆದವರು ಅವರು, ಬಗ್ಗಿ ಎಲೆ ಮುಟ್ಟಿ ನೋಡುತ್ತಿದ್ದರು.

"ಇದು ಕಕ್ಕೆ ಕಣಮ್ಮಿ. ಹಳದಿ ಹೂವ ಗೊಂಚಲು ಗೊಂಚಲಾಗಿ ಬಿಡ್ತದಲ್ಲ, ಅದು. ಆಲೆ ಆಗಿದ್ರೆ ಎಲೆ ಕಿತ್ರೆ ಹಾಲು ಸುರೀಬೇಕಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಒಣಗಿದ ತುಂಡಿನಲ್ಲಿ ಹಾಲು ಎಲ್ಲಿಂದ ಬರಬೇಕು? ಕೈಗೆ ಬಂದ ಆಲೆಯನ್ನು ಆಲೆ ಅಲ್ಲ ಅಂತ ವಾಪಸ್ ಕೊಟ್ಟು ಬಂದಿದ್ದೆ. ಅದೂ ನರ್ಸರಿಯವನಿಗೆ ಪಾಠ ಹೇಳಿ. ನಗಬೇಕೋ ಅಳಬೇಕೋ ತಿಳಿಯದೆ ಹಿತ್ತಲಿಗೆ ಹೋಗಿ ಎಣ್ಣೆ ಡಬ್ಬ ತಂದು ಅತ್ತೆ ಮುಂದೆ ಇಟ್ಟೆ. ಗುದ್ದಲಿ ತಗೊಂಡು ಮುಳ್ಳು ಸರಿಸಿದೆ.

"ಮಾತು ಅಂದ್ರೆ ಮಾತು ಅತ್ತೆಮ್ಮ. ಗುಂಡಿ ನಿಮ್ದು. ಹುಣಸೆ ಇಳಿಸಿ" ಅಂದೆ.

ಅತ್ತೆ ಡಬ್ಬ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತರು.

"ಹುಣಸೆ ಬೇಕು ಅಂತಿದ್ದಿದ್ದು ನಿಮ್ಮಾವ ಕಣಮ್ಮಿ. ಮನೆ ಮುಂದೆ ಹುಣಸೆ ಇರ್ಬೇಕು ಅಂತ ಅವ್ರು ಇರೋಗಂಟ ಹೇಳೋರು. ಅದನ್ನೇ ನಾನೂ ಹೇಳ್ಕಂಡ್ ಬಂದೆ. ನಂಗೇನ್ ಬೇಕು ಅಂತ ಈ ಮನೇಲಿ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಕಳ್ಳಿಲ್ಲ. ನಿಂಗೆ ಬೇಕಾದ್ದು ನಿಂಗೊತ್ತೈತೆ. ಗುಂಡಿ ನಿಂದೇ, ಹೋಗ್ ಆಲೆ ತಗಂಬಾ."

ನಾನು ಅವರ ಪಕ್ಕ ಕೂತು ಅತ್ತುಬಿಟ್ಟೆ. "ಅಳೋದ್ಯಾಕೆ, ಈ ಸಲ ನಾನೂ ಬತ್ತೀನಿ. ನಿನ್ನೊಬ್ಳನ್ನೇ ಬುಟ್ರೆ ಇನ್ನೊಂದ್ ಕಕ್ಕೆ ತತ್ತೀಯ" ಅಂದರು.

ಮಾರನೇ ದಿನ ನನಗಿಂತ ಮೊದಲೇ ಒಳ್ಳೇ ಸೀರೆ ಉಟ್ಟು ನಿಂತಿದ್ದರು. ನರ್ಸರಿಯವನು ನನ್ನನ್ನು ಕಂಡು ನಗು ತಡೆದುಕೊಂಡು ಆಲೆ ಎತ್ತಿಕೊಟ್ಟ. ಎಲೆ ಚಿವುಟಿದೆ, ಹಾಲು ಬಂತು, ಎದೆ ತುಂಬಿ ಬಂತು. ಆಮೇಲೆ ಅತ್ತೆ ಕಡೆ ತಿರುಗಿ ಕೇಳಿದೆ. "ನಿಮ್ಗೇನ್ ಬೇಕು ಅತ್ತೆಮ್ಮ? ಹುಣಸೆ ಬುಟ್ಟು ಹೇಳಿ. ಕುಂಡದಲ್ಲೋ ಬದುವಲ್ಲೋ ಜಾಗ ಮಾಡಣ."

ಅವರು ಗಿಡದ ಸಾಲುಗಳ ನಡುವೆ ಮೆಲ್ಲಗೆ ನಡೆದರು, ಒಂದೊಂದು ಎಲೆಯನ್ನೂ ಮುಟ್ಟಿದರು, ಮುಂದೆ ಹೋದರು, ಮತ್ತೆ ವಾಪಸ್ ಬಂದರು. ನಮ್ಮ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅವರು ಇನ್ನೂ ನೋಡುತ್ತಲೇ ಇದ್ದರು. ನಾನು ಆಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂತೆ, ಕರೆಯಲಿಲ್ಲ.