ಮುಳಬಾಗಿಲಿಗೆ ಕಪ್ಪಂಗಿಯಲ್ಲಿ

ಕೋಲಾರದಿಂದ ಶ್ರೀನಿವಾಸಪುರದ ಪುಟ್ಟ ರೈಲು ಬೆಳಿಗ್ಗೆ ಹೊರಡುವ ಹೊತ್ತಿಗೆ ನನ್ನ ಕತ್ತು ಆಗಲೇ ಕಪ್ಪಾಗಿತ್ತು. ಅಳಲೆಕಾಯಿ, ತುಕ್ಕು ಹಿಡಿದ ಮೊಳೆಗಳ ಜೊತೆ ಕುದಿಸಿ ನಾವೇ ಕಪ್ಪು ಬಣ್ಣ ಹಾಕಿದ ಅಂಗಿ ತೊಟ್ಟಿದ್ದೆ. ಸ್ಟೇಷನ್ನಿಗೆ ಬರುವಾಗ ಹಿಡಿದ ತುಂತುರಿಗೇ ಬಣ್ಣ ಬಿಡತೊಡಗಿತ್ತು. "ಲೇ ಸೀನ, ಗ್ರೀಕರಿಗೂ ಹಿಂಗೇ ಬಣ್ಣ ಬಿಡ್ತಿತ್ತೇನ್ಲಾ?" ಎನ್ನುತ್ತ ನನ್ನ ಗೆಳೆಯ ಮುನಿಸ್ವಾಮಿ ಟವೆಲ್ಲಿನಿಂದ ನನ್ನ ಕತ್ತು ಒರೆಸಿದ.

ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಚಳವಳಿ ನಡೆದು ಶಾಲೆಗಳು ಖಾಲಿಯಾಗಿದ್ದವು. ನಮ್ಮ ಹೈಸ್ಕೂಲಿನ ಚರಿತ್ರೆಯ ಮೇಷ್ಟ್ರು ಒಮ್ಮೆ ಗ್ರೀಸ್ ದೇಶದ ಕಥೆ ಹೇಳಿದ್ದರು. ತುರ್ಕರ ಆಳ್ವಿಕೆಯ ವಿರುದ್ಧ ಅಲ್ಲಿಯವರು ಎದ್ದಾಗ, ಓದು ಬಿಟ್ಟು ಬಂದ ಹುಡುಗರು ಒಂದು ಪವಿತ್ರ ದಳ ಕಟ್ಟಿದರಂತೆ. ಕಪ್ಪು ಉಡುಪು ತೊಟ್ಟು ಪ್ರಮಾಣ ಮಾಡಿ ಕಾಳಗಕ್ಕೆ ಹೋದರಂತೆ. ಜೊತೆಗಿದ್ದ ಕುದುರೆ ಸವಾರರು ಓಡಿಹೋದರು. ಹುಡುಗರು ನಿಂತರು, ಬಹಳ ಮಂದಿ ಅಲ್ಲೇ ಬಿದ್ದರು. ಅದೇ ವಾರ ನಾವು ಆರು ಮಂದಿ ನಮ್ಮದೊಂದು ಪವಿತ್ರ ದಳ ಮಾಡಿಕೊಂಡು ಕರ್ಪೂರ ಹಚ್ಚಿ ಆಣೆಯಿಟ್ಟೆವು: ಮುಳಬಾಗಿಲಿನಲ್ಲಿ ನಡೆಯಲಿದ್ದ ಚಳವಳಿಯ ಸಭೆ ಮುಗಿಯುವ ತನಕ ಯಾರೂ ಕಪ್ಪಂಗಿ ಕಳಚಬಾರದು, ಕಳಚಿದವನು ದಳದವನಲ್ಲ.

ನಾಯಕ ಗೋಪಾಲ ಮೂವರನ್ನು ಕರೆದುಕೊಂಡು ಮಾಲೂರು, ಟೇಕಲ್ ಕಡೆಗೆ ಹೋದ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ನಡೆದುಹೋಗುತ್ತ ದಾರಿಯ ಊರುಗಳಲ್ಲಿ ಜನರನ್ನು ಸಭೆಗೆ ಕರೆಯುವುದು ನಮ್ಮಿಬ್ಬರ ಪಾಲಿಗೆ ಬಂತು. ಸಭೆಯಲ್ಲಿ ಬಾವುಟ ಹಿಡಿಯುವ ಸರದಿ ಮುನಿಸ್ವಾಮಿಯದು. ಅವನ ಅಕ್ಕ ನಾರಾಯಣಮ್ಮನನ್ನು ಮುಳಬಾಗಿಲಿಗೆ ಕೊಟ್ಟಿದ್ದರು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. "ನಾನು ಬಾವುಟ ಹಿಡಿಯೋದು ನಮ್ಮಕ್ಕ ನೋಡ್ಬೇಕು ಕಣೋ" ಎಂದು ರೈಲಿನಲ್ಲಿ ಎಷ್ಟು ಸಲ ಹೇಳಿದನೋ. ಆ ರೈಲು ಎಷ್ಟು ನಿಧಾನವೆಂದರೆ, ಒಬ್ಬಾತ ಇಳಿದು ಹೊಲದಲ್ಲಿ ಸೌತೆಕಾಯಿ ಕಿತ್ತುಕೊಂಡು ಮತ್ತೆ ಹತ್ತಿದ.

ಶ್ರೀನಿವಾಸಪುರದಲ್ಲಿ ಇಡ್ಲಿ ತಿಂದು ನಡೆಯತೊಡಗಿದೆವು. ಮುಳಬಾಗಿಲಿಗೆ ಹದಿನೆಂಟು ಮೈಲಿ ಎಂದರು. ದಾರಿಯುದ್ದಕ್ಕೂ ಮಾವಿನ ತೋಪು, ಆಚೆ ರಾಗಿ ಹೊಲ. ಆದರೆ ನಮ್ಮ ಅಂಗಿ ಕಂಡರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕ ನಿಂತು, "ಎವುರು ಪೋಯಿನಾರು ನಾಯನಾ?" ಎಂದ. ಸತ್ತವರು ಯಾರು ಎಂದು ಕೇಳಿದ್ದು.

"ಇನ್ನೂ ಯಾರೂ ಹೋಗಿಲ್ಲ ತಾತ. ಹಳೇ ಸರ್ಕಾರ ಹೋಗೋದಿದೆ, ಮುಂಚೇನೇ ಸುದ್ದಿ ತಂದಿದ್ದೀವಿ" ಎಂದ ಮುನಿಸ್ವಾಮಿ. ಮುದುಕ ಬೊಚ್ಚುಬಾಯಿ ತೆರೆದು ನಕ್ಕ. ಆ ಊರಿನ ಚಾವಡಿಯಲ್ಲಿ ನಮಗೆ ಮುದ್ದೆ, ಹುರುಳಿ ಸಾರು ಸಿಕ್ಕಿದ್ದು ಆ ನಗುವಿನಿಂದಲೇ.

ಮರುದಿನ ಮಳೆ ಬಿಡಲಿಲ್ಲ. ಮಧ್ಯಾಹ್ನದ ಮೇಲೆ ನನಗೆ ಚಳಿಜ್ವರ ಬಂತು. ಹಲ್ಲು ಕಟಕಟಿಸುತ್ತಿತ್ತು, ಕಾಲು ಏಳಲಿಲ್ಲ. ಮುನಿಸ್ವಾಮಿ ನನ್ನನ್ನು ಬೆನ್ನ ಮೇಲೆ ಹೊತ್ತು ರಸ್ತೆ ಬದಿಯ ಒಂದು ಒಂಟಿ ಮನೆಯ ಜಗಲಿಗೆ ತಂದ. ಬಾಗಿಲಿಗೆ ಬಂದ ಪಾಪಮ್ಮನೆಂಬ ಮುದುಕಿ ನಮ್ಮನ್ನು ನೋಡಿ ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ಒಳ್ಗೆ ಹಸಿ ಬಾಣಂತಿ ಅವ್ಳೆ ಕಣಪ್ಪ. ಕರಿಬಟ್ಟೆ ಹೊಸ್ತಿಲು ದಾಟಂಗಿಲ್ಲ. ಬಿಚ್ಚಾಕಿ ಬನ್ನಿ, ಗಂಜಿ ಕಾಯಿಸ್ತೀನಿ."

"ಬಿಚ್ಚಲ್ಲ" ಎಂದೆ ನಾನು. ಅಷ್ಟು ಹೇಳಲು ಮಾತ್ರ ಶಕ್ತಿ ಇತ್ತು.

ಮುನಿಸ್ವಾಮಿ ಒಂದು ಗಳಿಗೆ ಮುಳಬಾಗಿಲಿನ ದಾರಿ ನೋಡಿದ. ಆಮೇಲೆ ತನ್ನ ಅಂಗಿ ಕಳಚಿ ಮುದುಕಿಯ ಕೈಗೆ ಕೊಟ್ಟ. ನನ್ನ ಮುಂದೆ ಮಂಡಿಯೂರಿ ಗುಂಡಿಗಳಿಗೆ ಕೈ ಹಾಕಿದ.

"ಆಣೆ ಕಣೋ" ಎಂದೆ.

"ಆಣೆ ನಾನು ಹೊತ್ಕೊತೀನಿ. ನೀನು ಕೈ ಎತ್ತು."

ಮೆಣಸು, ಶುಂಠಿಯ ಕಷಾಯ ಕುಡಿದು, ಕಂಬಳಿ ಹೊದ್ದು ಮಲಗಿದೆ. ಬೆಳಗಾಗುವಷ್ಟರಲ್ಲಿ ಬೆವರಿ ಜ್ವರ ಇಳಿಯಿತು. ನನ್ನ ಅಂಗಿಯನ್ನು ಮುನಿಸ್ವಾಮಿ ಕೊಟ್ಟಿಗೆಯ ಸೂರಿಗೆ ನೇತುಹಾಕಿದ್ದ, ಅದು ಕಪ್ಪಾಗಿಯೇ ಇತ್ತು. ಅವನದನ್ನು ಪಾಪಮ್ಮ ಬೂದಿನೀರಿನಲ್ಲಿ ಕುದಿಸಿ, ಕಲ್ಲಿಗೆ ಬಡಿದು ಒಗೆದಿದ್ದಳು. "ಎಂಥಾ ಕೊಳೆ ಅಂತೀಯ ಮಗ! ಒಂದ್ ಕೊಳಗ ಬೂದಿ ಖರ್ಚಾಯ್ತು" ಎಂದು ಹೆಮ್ಮೆಯಿಂದ ತಂದುಕೊಟ್ಟಳು. ಎಮ್ಮೆಕರುವಿನ ಬೂದು ಬಣ್ಣ. ಆ ಮುಖ ನೋಡಿ ಅವಳಿಗೆ ಏನು ಹೇಳುವುದು? ಮುನಿಸ್ವಾಮಿ ಕೈಮುಗಿದು ತೊಟ್ಟುಕೊಂಡ. ರಸ್ತೆಗೆ ಬಂದ ಮೇಲೆ, "ನೀನಿದ್ದೀಯಲ್ಲ, ಗೋಪಾಲನಿಗೆ ನೀನು ಹೇಳು" ಎಂದ. ಹೇಳುತ್ತೇನೆ ಎಂದೆ.

ಮುಳಬಾಗಿಲು ತಲುಪಿದಾಗ ಬಿಸಿಲು ಬಂದಿತ್ತು. ಸಭೆಯ ಬಯಲಿನಲ್ಲಿ ಗೋಪಾಲನ ಗುಂಪು ಕಾಯುತ್ತಿತ್ತು.

"ಏನೋ ಇದು? ಬಿಚ್ಚಿದ್ಯಾ?"

"ಬಿಚ್ಚಿದೆ" ಎಂದು ಮುನಿಸ್ವಾಮಿ ನನ್ನ ಕಡೆ ನೋಡಿದ.

ನಾನು ಬಾಯಿ ತೆರೆದರೆ ನನ್ನ ಅಂಗಿಯೂ ಕಳಚಿದ್ದ ಮಾತು ಬರಬೇಕಿತ್ತು. ನೆಲ ನೋಡಿದೆ. ಗೋಪಾಲ ನನ್ನ ಭುಜ ತಟ್ಟಿ, "ಇವನ್ನ ನೋಡಿ ಕಲಿ. ಮುಖ ನೋಡಿದ್ರೇ ಗೊತ್ತಾಗುತ್ತೆ, ಜ್ವರ. ಆದ್ರೂ ಬಿಚ್ಚಿಲ್ಲ" ಎಂದ. ಯಾರೋ "ಕುದುರೆ ಸವಾರ!" ಎಂದು ಕೂಗಿದರು, ಎಲ್ಲರೂ ನಕ್ಕರು. ಬಾವುಟ ನನ್ನ ಕೈಗೆ ಬಂತು. ಮುನಿಸ್ವಾಮಿ ಮತ್ತೊಂದು ಸಲ ನನ್ನನ್ನು ನೋಡಿದ. ಕೋಪದಿಂದಲ್ಲ, ನನಗೆ ಇನ್ನೂ ಸ್ವಲ್ಪ ಸಮಯ ಕೊಡುವವನಂತೆ. ಆಮೇಲೆ ಹಿಂದಕ್ಕೆ ಹೋಗಿ ಜನರ ನಡುವೆ ನಿಂತ. ನಾರಾಯಣಮ್ಮ ಹೊಸ ಸೀರೆ ಉಟ್ಟು ಮುಂದಿನ ಸಾಲಿಗೆ ಬಂದಿದ್ದಳು. ಬಾವುಟ ಏರಿದಾಗ ಅವಳು ಬಾವುಟ ನೋಡಲಿಲ್ಲ, ಕತ್ತು ತಿರುಗಿಸಿ ತಮ್ಮನನ್ನು ಹುಡುಕುತ್ತಿದ್ದಳು.

ಸಂಜೆ ಕೋಲಾರಕ್ಕೆ ಇದ್ದಿಲು ಉರಿಸಿ ಓಡಿಸುವ ಬಸ್ಸು ಹತ್ತಿದೆವು. ಮುನಿಸ್ವಾಮಿ ನನ್ನನ್ನು ಕಿಟಕಿಯ ಬಳಿ ಕೂರಿಸಿ, ಗಾಳಿ ತಾಗದಂತೆ ಟವೆಲ್ಲನ್ನು ನನ್ನ ಕಿವಿಗೆ ಸುತ್ತಿದ. ನಾರಾಯಣಮ್ಮ ಬೇಯಿಸಿದ ಕಡಲೆಕಾಯಿಯ ಗಂಟು ತಂದು ಕಿಟಕಿಯಲ್ಲಿ ಕೊಟ್ಟಳು.

"ಸೀನಪ್ಪ, ನೀವ್ ಹೇಳಿ. ನಮ್ ಹುಡ್ಗ ಏನ್ ತಪ್ಪು ಮಾಡ್ದ?"

"ಬಾವುಟ ಭಾರ ಇತ್ತಕ್ಕ, ನಂಗೆ ಕೈನೋವು" ಎಂದ ಮುನಿಸ್ವಾಮಿ. ಅವಳು ಅವನನ್ನು ನೋಡಲೇ ಇಲ್ಲ. ಬಸ್ಸು ಹೊರಟಿತು. ಕಿಟಕಿಯ ಸರಳು ಹಿಡಿದು, ನನ್ನ ಮುಖವನ್ನೇ ನೋಡುತ್ತ ಜೊತೆಗೇ ನಡೆದಳು. ಬೀದಿ ಮುಗಿಯುವ ತನಕ ನಡೆದಳು. ಆಮೇಲೆ ನಾನು ತಿರುಗಿ ನೋಡಿದಾಗ ಹೊಗೆಯಲ್ಲಿ ನಿಂತೇ ಇದ್ದಳು.

ಏನೂ ಮಾಡಲಿಲ್ಲ ಅಕ್ಕ. ನನ್ನನ್ನು ಉಳಿಸಿದ, ಅಷ್ಟೇ. ಇಷ್ಟು ಮಾತು ಹೇಳುವುದಕ್ಕೆ ಸಮಯವಿತ್ತು. ಬಸ್ಸು ಅಷ್ಟು ನಿಧಾನವಾಗಿಯೇ ಹೋಗುತ್ತಿತ್ತು.