ಅಣ್ಣ ಬರಲಿ ಎಂದು ಹೆಂಚಿನ ಬಣ್ಣ

ನನ್ನ ಮಹಡಿ ಮನೆಗೆ ಬಾಡಿಗೆಗೆ ಬಂದವಳು ಲಾಂಡ್ರಿಯಲ್ಲಿ ಬಟ್ಟೆಗಳಿಗೆ ಗುರುತು ಹಾಕುವ ಕೆಲಸದವಳು. ಐವತ್ತು ದಾಟಿದೆ, ಮದುವೆಯಾಗಿಲ್ಲ. ಊರಿನವರ ಅಂಗಿ ಲಂಗ ಅದಲುಬದಲಾಗದಂತೆ ನೋಡಿಕೊಳ್ಳುವ ಇವಳಿಗೆ, ಅಣ್ಣನ ಮನೆಯಲ್ಲಿ ತನ್ನದು ಅನ್ನುವ ಒಂದು ಗೋಡೆಯೂ ಇರಲಿಲ್ಲ. ಇಷ್ಟು ವರ್ಷ ಮಲಗಿದ್ದು ಅಡುಗೆಮನೆ ಪಕ್ಕದ ಪ್ಯಾಸೇಜಿನಲ್ಲಿ. ಜಗಳವೇನೂ ಆಗಲಿಲ್ಲವಂತೆ, ಒಂದು ದಿನ ಸುಮ್ಮನೆ ಹೊರಟು ಬಂದಳು. ಅಣ್ಣ ಮುಖ ಊದಿಸಿಕೊಂಡ.

"ಒಬ್ಳೇ ಅದೆಷ್ಟು ದಿನ ಇರ್ತೀಯೋ ನಾನೂ ನೋಡ್ತೀನಿ" ಎಂದವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅವನು ಒಮ್ಮೆ ಬಂದು ಇವಳ ಮನೆಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಬೇಕು. ಇವಳಿಗೆ ಇದ್ದದ್ದು ಅದೊಂದೇ ಆಸೆ.

ಬಣ್ಣದ ಹುಚ್ಚು ಹತ್ತಿದ್ದೂ ಅದಕ್ಕೇ. ಅಂಗಡಿಯಿಂದ ಬಣ್ಣಗಳ ಕಾರ್ಡು ತಂದು, ಟೆರಾಕೋಟಾ ಎಂದು ಬರೆದಿದ್ದ ಕಡೆ ಬೆರಳಿಟ್ಟಳು. ನೋಡಿದರೆ ಗಾಢ ಹೆಂಚಿನ ಬಣ್ಣ!

"ಅಯ್ಯೋ, ತಲೆಗಿಲೆ ಕೆಟ್ಟಿದ್ಯೇನೇ? ಮನೆ ಕಣೇ ಇದು, ಇಟ್ಟಿಗೆ ಗೂಡಲ್ಲ" ಎಂದೆ.

"ಬಿಟ್ಟು ಹೋಗುವಾಗ ಬಿಳಿ ಹೊಡೆಸಿ ಕೊಡ್ತೀನಕ್ಕ."

"ಇಂಥ ಬಣ್ಣದ ಮೇಲೆ ಬಿಳಿ ಸುಲಭಕ್ಕೆ ಕೂರಲ್ಲ, ಗೊತ್ತಾ?"

"ಹಾಗಾದ್ರೆ ಬಿಟ್ಟು ಹೋಗೋದೇ ಇಲ್ಲ ಬಿಡಿ" ಎಂದು ನಕ್ಕಳು. ಅವಳು ನಗುವುದೇ ಅಪರೂಪ. ನಾನು ಒಪ್ಪಿಕೊಂಡೆ.

ಪೇಂಟರನ್ನು ಕರೆಯಲಿಲ್ಲ, ನನ್ನನ್ನೂ ಕರೆಯಲಿಲ್ಲ. ಕರೆದಿದ್ದರೆ ಬೈದುಕೊಂಡೇ ಹೋಗುತ್ತಿದ್ದೆ, ಅದು ಬೇರೆ ಮಾತು. ಲಾಂಡ್ರಿಯಿಂದ ಬಂದು ಸಂಜೆಯೆಲ್ಲ ಒಬ್ಬಳೇ ರೋಲರ್ ಎಳೆದಳು. ಮುಗಿದ ಮೇಲೆ ಹೋಗಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಕೋಣೆ ಬೆಚ್ಚಗೆ ಕಾಣುತ್ತಿತ್ತು.

ಕರೆದು ಕರೆದು ಸಾಕಾದ ಮೇಲೆ ಒಂದು ಭಾನುವಾರ ಅಣ್ಣ ಬಂದ. ಮನೆಯಲ್ಲಿ ಹಾಲು ಸಾಲದೆಂದು ಅವಳು ಕೂಗಿದ್ದಕ್ಕೆ ನಾನೂ ಹಾಲು ಹಿಡಿದು ಮೇಲೆ ಹೋಗಿದ್ದೆ. ಅವನು ಗೋಡೆಗಳನ್ನೆಲ್ಲ ನೋಡಿ, "ಪರವಾಗಿಲ್ವೇ, ಚೆನ್ನಾಗೇ ಮಾಡ್ಕೊಂಡಿದ್ದೀಯ" ಎಂದ. ಅವಳ ಮುಖ ಅರಳಿತು. ಅಷ್ಟರಲ್ಲಿ ಕಬ್ಬಿಣದ ಬೀರುವಿನ ಅಂಚಿನಲ್ಲಿ ಬಿಳಿ ಇಣುಕುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು.

"ಇದರ ಹಿಂದೆ ಹೊಡೆದಿಲ್ವಾ?"

"ಒಬ್ಳೇ ತಳ್ಳೋಕಾಗ್ಲಿಲ್ಲ ಅಣ್ಣ. ಸುತ್ತ ಹೊಡೆದು ಬಿಟ್ಟೆ."

"ಆ ಕಡೆ ಹಿಡ್ಕೋ" ಎಂದ ಅಣ್ಣ. ಇಬ್ಬರೂ ಸೇರಿ ಬೀರುವನ್ನು ಕೋಣೆಯ ನಡುವಿಗೆ ಎಳೆದರು. ಅಂಗಿಯ ತೋಳು ಮಡಚಿ, ಡಬ್ಬದಲ್ಲಿ ಮಿಕ್ಕಿದ್ದ ಬಣ್ಣವನ್ನು ಅವನೇ ಹೊಡೆದ. ಕಾಫಿ ಕುಡಿದ. "ಹಸಿ ಇದೆ, ಒಣಗ್ಲಿ. ಇನ್ನೊಂದ್ಸಲ ಬಂದು ತಳ್ಳಿ ಕೊಡ್ತೀನಿ" ಎಂದು ಹೊರಟ.

ಗೋಡೆ ಒಣಗಿ ಎಷ್ಟೋ ದಿನವಾಯಿತು. ಅವನ ಸುಳಿವಿಲ್ಲ. ಇವಳು ಮಂಚಕ್ಕೆ ಹೋಗಬೇಕೆಂದರೂ ಬೀರುವಿನ ಪಕ್ಕ ಮೈ ಓರೆ ಮಾಡಿ ನುಸುಳುತ್ತಾಳೆ. ನೋಡಿ ನೋಡಿ ನನಗೆ ರೇಗಿಹೋಯಿತು.

"ನಾನೇನು ಸತ್ತುಹೋಗಿದ್ದೀನಾ? ಬಾರೇ ಇಲ್ಲಿ, ನಾನೊಂದು ಕಡೆ ಹಿಡ್ಕೋತೀನಿ, ತಳ್ಳು" ಎಂದು ಬೀರುವಿಗೆ ಕೈ ಹಚ್ಚಿದೆ.

ಅವಳು ಅಡ್ಡ ಬಂದು ನಿಂತಳು.

"ಬೇಡಕ್ಕ, ಹಾಗೇ ಇರ್ಲಿ. ಇದನ್ನೂ ನಾವೇ ತಳ್ಳಿಬಿಟ್ರೆ, ಅಣ್ಣನಿಗೆ ಇಲ್ಲಿಗೆ ಬರೋಕೆ ಇನ್ನೇನಿದೆ ಕೆಲಸ?"

ನಾನು ಕೈ ತೆಗೆದೆ.